ಹಾರುವಾಗ ಇಣುಕಬಾರದು

ಪ್ಯಾಂಟಿನ ಜೇಬು ತಡಕದೆ ವಾಷಿಂಗ್ ಮೆಷಿನ್ನಿಗೆ ತುಂಬಿದ್ದು ಸ್ವತಃ ಅವನೇ. ಹಾಗಾಗಿ ಹೆಂಡತಿಯ ಮೇಲೆ ರೇಗುವ ಸುಖವೂ ಅವನ ಪಾಲಿಗಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೆಷಿನ್ನಿನ ಬಾಗಿಲು ತೆಗೆದಾಗ ಎರಡು ತಿಂಗಳ ಶ್ರಮ ಒದ್ದೆ ಹಿಟ್ಟಿನ ಉಂಡೆಯಾಗಿ ಕೈಗೆ ಬಂತು.

ಅದು ಆಟದ ನೋಟ್‌ಬುಕ್ಕು. ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೂತು ಅವನು ಬರೆದಿದ್ದ ಸೂಪರ್‌ಹೀರೋ ಕತೆ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ತಾವೇ ಮೊದಲೇ ರೂಪಿಸಿಕೊಂಡು ಬಂದ ಒಂದೊಂದು ಹೀರೋ ಆಗಿ ದಾಳ ಉರುಳಿಸಬೇಕು. ಖಳನನ್ನೂ ಊರನ್ನೂ ಅಪಾಯಗಳನ್ನೂ ಒದಗಿಸುವುದು ಅವನ ಕೆಲಸ. ಈಗ ಖಳನೂ ಊರೂ ಒಟ್ಟಿಗೇ ತೊಳೆದುಹೋಗಿದ್ದವು. ಹತ್ತಕ್ಕೆ ಎಲ್ಲರೂ ಬರುವವರಿದ್ದರು.

"ಇವತ್ತು ಆಟ ಇಲ್ಲ ಅಂತ ಹೇಳಿಬಿಡಿ," ಅಂದಳು ಹೆಂಡತಿ.

"ಹೇಗೇ ಹೇಳ್ಲಿ? ಮಾತ್ರೆ ಬರ್ತಿರೋದೇ ಆರು ತಿಂಗಳಾದ ಮೇಲೆ!"

ಮಾತ್ರೆ ಅಂದರೆ ಔಷಧಿ ಅಂಗಡಿ ಇಟ್ಟಿರುವ ಗೆಳೆಯ. ಹೋದ ಸಲದ ಆಟದಲ್ಲಿ ಅವನ ಹೀರೋ ಸೇತುವೆಯಿಂದ ಬಿದ್ದು ಸತ್ತಾಗ ಪಕ್ಕದ ಮನೆ ಟೀಚರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಅಂದು ಎದ್ದು ಹೋದವನು, ಆಮೇಲೆ ಆಕೆಗೆ ಕೆಮ್ಮಿನ ಔಷಧಿ ಕೊಡುವಾಗಲೂ ತುಟಿ ಬಿಚ್ಚುತ್ತಿರಲಿಲ್ಲ. ಇವತ್ತು ಮೊದಲು ಹತ್ತು ನಿಮಿಷ ಆಟದ ರೀತಿನೀತಿ ಮಾತಾಡಿ, ಇಬ್ಬರನ್ನೂ ರಾಜಿ ಮಾಡಿಸಿ, ಆಮೇಲೆ ಕತೆ ಶುರು ಮಾಡಬೇಕೆಂದು ಕನ್ನಡಕದವನು ಯೋಚಿಸಿ, ಹೆಂಡತಿಗೂ ಹೇಳಿದ್ದ.

"ಹಾಗಾದ್ರೆ ಆ ಹತ್ತು ನಿಮಿಷವನ್ನೇ ಸಂಜೆವರೆಗೂ ಎಳೀರಿ," ಅಂದಳು ಹೆಂಡತಿ. "ಅಪ್ಪನೂ ಕೂತ್ಕೋತಾರಲ್ಲ, ಕಷ್ಟ ಏನಾಗಲ್ಲ."

ಮಾವನವರು ಎರಡು ದಿನದ ಮಟ್ಟಿಗೆ ಬಂದಿದ್ದರು. ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಮಕ್ಕಳ ಜಗಳಕ್ಕೂ ಸಾಕ್ಷಿ ಕೇಳುವವರು. ಹತ್ತಾಗುವ ಮೊದಲೇ ಪೆನ್ನು ಕಾಗದ ಹಿಡಿದು ಮೇಜಿನ ಮುಂದೆ ಕೂತಿದ್ದರು.

ಟೀಚರಮ್ಮ ಒಂದು ತುದಿಗೆ, ಮಾತ್ರೆ ಇನ್ನೊಂದು ತುದಿಗೆ, ಬಸ್ಸಿನಲ್ಲಿ ಅಪರಿಚಿತರ ಹಾಗೆ ಕೂತರು. ಕನ್ನಡಕದವನು ಗಂಟಲು ಸರಿಮಾಡಿಕೊಂಡ.

"ಮೊದಲನೇದಾಗಿ, ನಮ್ಮ ಆಟ ಗಂಭೀರವಾಗಿರಬೇಕೋ, ತಮಾಷೆಯಾಗಿರಬೇಕೋ?"

"ಗಂಭೀರ," ಅಂದ ಮಾತ್ರೆ, ಗೋಡೆ ನೋಡುತ್ತಾ.

"ನಗಬಾರದು ಅಂದ್ರೆ ನಾನು ಮನೇಲೇ ಇರ್ತೀನಪ್ಪ," ಅಂದರು ಟೀಚರಮ್ಮ.

ಅರ್ಧ ಗಂಟೆ ಹೋಯಿತು. ಕನ್ನಡಕದವನಿಗೆ ಒಳಗೊಳಗೇ ಖುಷಿ. ಹೀರೋಗಳು ಯಾರನ್ನೂ ಕೊಲ್ಲಬಾರದು ಎಂದು ಅವನು ಮುಂದಿನ ನಿಯಮ ಎತ್ತಿದ.

"ಕೊಲ್ಲದಿದ್ರೆ ಹಿಡೀಬೇಕು," ಅಂದರು ಮಾವ. "ಹಿಡಿಯೋ ಅಧಿಕಾರ ಇವರಿಗೆ ಕೊಟ್ಟೋರು ಯಾರು ಅಳಿಯಂದ್ರೆ?"

ಅಧಿಕಾರಕ್ಕೆ ಒಂದು ಗಂಟೆ ಹಿಡಿಯಿತು. ಒಡೆದ ಕಟ್ಟಡವನ್ನು ಒಡೆದವರೇ ಕಟ್ಟಿಕೊಡತಕ್ಕದ್ದು ಎಂದು ಮಾವ ಬರೆದುಕೊಂಡರು. ಆಕಾಶದಲ್ಲಿ ಹಾರುವಾಗ ಜನರ ಬಾಲ್ಕನಿಯಲ್ಲಿ ಇಣುಕಬಾರದು ಎಂದು ಟೀಚರಮ್ಮ ಹಟ ಹಿಡಿದರು. ಪರರ ಮನಸ್ಸು ಓದುವ ಶಕ್ತಿಯಿದ್ದವರು ಸ್ವಂತ ಗಂಡನ ಮನಸ್ಸನ್ನೂ ಓದಬಹುದೇ ಎಂದು ಹೆಂಡತಿ ಕೇಳಿದಾಗ, "ಕೂಡದು!" ಎಂದು ಮಾತ್ರೆ ಮತ್ತು ಕನ್ನಡಕದವನು ಒಂದೇ ಉಸಿರಿಗೆ ಕೂಗಿದರು.

ಊಟವಾಯಿತು, ಮತ್ತೆ ಕೂತರು. ಮೂರು ಗಂಟೆಯ ಹೊತ್ತಿಗೆ ಕನ್ನಡಕದವನು ಮೆಲ್ಲಗೆ ಅಂದ: "ಆಟದಲ್ಲಿ ಯಾರಿಗಾದ್ರೂ ಮನಸ್ಸಿಗೆ ನೋವಾದ್ರೆ ಕೈ ಎತ್ತಬೇಕು. ತಕ್ಷಣ ಆಟ ನಿಲ್ಲಬೇಕು. ಯಾಕೆ ಅಂತ ಯಾರೂ ಕೇಳಬಾರದು."

ಮಾವನ ಪೆನ್ನು ಕೂಡ ನಿಂತಿತು.

ಮಾತ್ರೆ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಅಂದ, "ಹೋದ ಸಲ ಇದು ಇದ್ದಿದ್ರೆ ನಾನು ಎತ್ತಿರ್ತಿದ್ದೆ. ಆ ಹೀರೋಗೆ ನಮ್ಮಣ್ಣನ ಹೆಸರಿಟ್ಟಿದ್ದೆ. ಅವನು ತೀರಿಕೊಂಡು ವರ್ಷವೂ ಆಗಿರ್ಲಿಲ್ಲ."

ಟೀಚರಮ್ಮ ಕನ್ನಡಕ ತೆಗೆದರು. "ನಂಗೆ ಗೊತ್ತಿರ್ಲಿಲ್ಲ ಕಣಪ್ಪ. ದೇವರಾಣೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ ಅಂತ ನಂಗೂ ಗೊತ್ತಿತ್ತು ಟೀಚರಮ್ಮ. ಆದ್ರೂ ಸಿಟ್ಟು ಇಳೀಲಿಲ್ಲ." ಆಮೇಲೆ ಆಕೆಯತ್ತ ತಿರುಗಿ ಕೇಳಿದ, "ಕೆಮ್ಮು ಹೇಗಿದೆ?"

ಕನ್ನಡಕದವನ ಎದೆಯ ಮೇಲಿಂದ ಬೀರು ಇಳಿಸಿದ ಹಾಗಾಯಿತು. ಐದು ಗಂಟೆಗೆ ಮಾವ ನಲವತ್ತೊಂದನೆಯ ನಿಯಮಕ್ಕೆ ಚುಕ್ಕೆಯಿಟ್ಟು, "ಸರಿ, ಈಗ ಕತೆ ಶುರುವಾಗ್ಲಿ," ಅಂದಾಗ ಸುಳ್ಳು ಹೇಳುವ ಮನಸ್ಸು ಅವನಿಗೆ ಬರಲಿಲ್ಲ.

"ಕತೆ ಇಲ್ಲ. ಬೆಳಿಗ್ಗೆ ಬಟ್ಟೆ ಜೊತೆ ಒಗೆದುಬಿಟ್ಟೆ. ಅದಕ್ಕೇ ಹೀಗೆ ಎಳೆದದ್ದು, ಕ್ಷಮಿಸಿ."

ಯಾರೂ ಸಿಟ್ಟಾಗಲಿಲ್ಲ. ಮಾತ್ರೆ ಉಸಿರು ಬಿಟ್ಟು ನಕ್ಕ. "ಬದುಕಿದೆ! ನಾನು ಹೀರೋನೇ ಮಾಡ್ಕೊಂಡು ಬಂದಿಲ್ಲ ಕಣೋ. ಬರಬೇಕೋ ಬೇಡವೋ ಅಂತಾನೇ ವಾರ ಪೂರ್ತಿ ಕಳೆದೆ."

"ನಾನೂ ಮಾಡಿಲ್ಲ," ಅಂದರು ಟೀಚರಮ್ಮ. "ಬಾಲ್ಕನಿ ವಿಷಯ ಮತ್ಯಾಕೆ ಎತ್ತಿದೆ ಅಂದ್ಕೊಂಡ್ರಿ?"

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳ ಹೀರೋ ಕೂಡ ಹುಟ್ಟಿರಲಿಲ್ಲ. ಮುಂದಿನ ಭಾನುವಾರ ಎಲ್ಲರೂ ತಯಾರಾಗಿ ಬರುವುದೆಂದು ಒಪ್ಪಿ, ಟೀಚರಮ್ಮ ಮತ್ತು ಮಾತ್ರೆ ಮಾತಾಡುತ್ತಲೇ ಮೆಟ್ಟಿಲಿಳಿದರು. ಕನ್ನಡಕದವನು ಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದ. ಕೈಯಲ್ಲಿ ಇಡೀ ವಾರವಿತ್ತು. ಹಾಯಾಗಿ ಬರೆಯಬಹುದು.

"ಅಳಿಯಂದ್ರೆ," ಮಾವ ಪಕ್ಕದ ಕುರ್ಚಿ ಎಳೆದುಕೊಂಡರು. "ರಿಟೈರಾದ ಮೇಲೆ ಇಷ್ಟು ಒಳ್ಳೇ ದಿನ ನೋಡೇ ಇರ್ಲಿಲ್ಲ. ನಾಳೆ ಬಸ್ಸಿಗೆ ಹೋಗೋದು ಬೇಡ ಅಂದ್ಕೊಂಡೆ. ವಾರ ಪೂರ್ತಿ ಇಲ್ಲೇ ಇರ್ತೀನಿ. ಕತೇನ ಇಬ್ಬರೂ ಸೇರಿ ಬರೆಯೋಣ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ ಮಾವ…"

"ತೊಂದ್ರೆ ಏನು ಬಂತು?" ಮಾವ ಹೊಸ ಹಾಳೆ ತೆಗೆದು, ನೆಟ್ಟಗೆ ಅಡ್ಡಗೆರೆ ಎಳೆದು, ಮೇಲೆ 'ಕತೆ ಬರೆಯುವ ನಿಯಮಗಳು' ಎಂದು ದಪ್ಪಕ್ಷರದಲ್ಲಿ ಬರೆದರು.

"ಹೇಳ್ತೀನಿ ಕೇಳಿ. ಒಂದು: ಬೆಳಿಗ್ಗೆ ಐದಕ್ಕೆ ಏಳತಕ್ಕದ್ದು."