ಸೀಟಿ ಊದಿದರೆ ಊಟ

ಹೊಸಪೇಟೆಗೆ ಎಂಥ ಆಪತ್ತು ಬಂದರೂ ನಮ್ಮ ಮನೆಯವರು ಹಸಿವಿನಿಂದ ಸಾಯುವುದಿಲ್ಲ. ಆ ಧೈರ್ಯ ನನಗಿದೆ. ಸತ್ತರೆ ನಮ್ಮ ಮಾವನವರ ಪಾಕೆಟ್ ಊಟ ತಿಂದೇ ಸಾಯುತ್ತೇವೆ!

ಮಾವನವರು ಸಂಡೂರಿನ ಕಡೆಯ ಗಣಿಯೊಂದರ ಸೇಫ್ಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಗಣಿ ಬಿಟ್ಟು ಬಂದರು, ಅಲ್ಲಿನ ಸೀಟಿಯನ್ನು ಬಿಟ್ಟು ಬರಲಿಲ್ಲ. ನಮ್ಮೂರ ಡ್ಯಾಮಿನ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದವರೇ ಎದ್ದು ಪೇಟೆಗೆ ಹೋಗಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಒಳಗೆ ಉಪ್ಪಿಟ್ಟು, ಪಲಾವು, ಬಿಸಿಬೇಳೆ ಬಾತು, ಅವಲಕ್ಕಿ, ಗಂಜಿ, ಎಲ್ಲವೂ ಪಾಕೆಟ್ಟಿನಲ್ಲಿ! ಬಿಸಿನೀರು ಸುರಿದು ಮುಚ್ಚಿಟ್ಟರೆ ಊಟ ತಯಾರು. ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಹೇಗೆ ಕೆಟ್ಟೀತು ಹೇಳಿ? ಅದನ್ನು ತಿನ್ನಲು ಇರುವೆಯಾದರೂ ಬರಬೇಡವೇ!

"ಇವೆಲ್ಲಾ ಯಾಕ್ರಿ ಮಾವ? ಖಡಕ್ ರೊಟ್ಟಿ ಐತಿ, ಶೇಂಗಾ ಚಟ್ನಿ ಐತಿ. ತಿಂಗಳುಗಟ್ಲೆ ಇರ್ತಾವು" ಎಂದೆ.

"ಜ್ವರ ಬಂದೋರು ಖಡಕ್ ರೊಟ್ಟಿ ಕಡೀತಾರೇನಮ್ಮಾ?"

"ಹೊಳಿ ಬಂದ್ರ ಜ್ವರ ಯಾಕ್ ಬರ್ತೈತ್ರಿ?"

"ಎಮರ್ಜನ್ಸಿ ಯಾವ್ದು ಅಂತ ನಾವು ಆರಿಸಿಕೊಳ್ಳಾಕ ಆಗಂಗಿಲ್ಲ" ಎಂದವರು, ನನ್ನ ಅಡುಗೆಮನೆಯ ಕಪಾಟಿನಿಂದ ಸಂಡಿಗೆ-ಹಪ್ಪಳದ ಡಬ್ಬಿಗಳನ್ನು ಇಳಿಸಿ ಅಲ್ಲಿ ಪಾಕೆಟ್ಟುಗಳನ್ನು ಸಾಲಾಗಿ ನಿಲ್ಲಿಸಿದರು. ಡಬ್ಬಿಗಳು ಮಂಚದ ಕೆಳಗೆ ಹೋದವು. ಅಂದಿನಿಂದ ನನ್ನದು ಒಂದೇ ಹಠ. ನನ್ನ ಕಪಾಟು ನನಗೆ ಬೇಕು!

ಪಾಕೆಟ್ಟು ತಂದಿಟ್ಟರೆ ಮುಗಿಯಿತೇ? ತಿಂದು ಪರೀಕ್ಷೆ ಮಾಡಬೇಡವೇ? ಅದಕ್ಕಾಗಿ ಭಾನುವಾರದ ಡ್ರಿಲ್ಲು ಶುರುವಾಯಿತು. ಒಲೆಯ ಮೇಲೆ ಏನೇ ಇರಲಿ, ಸೀಟಿ ಊದಿದ ಕೂಡಲೇ ಗ್ಯಾಸ್ ಆರಿಸಿ, ಮನೆ ಮುಂದಿನ ಬೇವಿನ ಮರದ ಕೆಳಗೆ ಸೇರಬೇಕು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಜನ್ಮದಲ್ಲಿ ತಿಳಿದುಕೊಳ್ಳದ ಮನುಷ್ಯ ತಾವೇ ಬಿಸಿನೀರಿನ ಕೆಟಲ್ ಹಿಡಿದು ಬಡಿಸಲು ನಿಲ್ಲುತ್ತಿದ್ದರು. ಮೊದಲ ವಾರ ಉಪ್ಪಿಟ್ಟು. ನಮ್ಮ ಯಜಮಾನರು ಬಹಳ ಹೊತ್ತು ಅಗಿದು ಕೇಳಿದರು:

"ಅಪ್ಪಾ, ಇದು ಪಾಕೀಟಿನ ಒಳಗಿಂದೋ, ಇಲ್ಲಾ ಪಾಕೀಟೋ?"

ಮಾವನವರು ಉಪ್ಪಿಟ್ಟಿನ ಪಾಕೆಟ್ಟಿಗೆ ಫೇಲಾಯಿತೆಂದು ಕೆಂಪು ಚೀಟಿ ಅಂಟಿಸಿದರು. ಮರುವಾರದ ಪಲಾವಿನಲ್ಲಿ ಬಟಾಣಿ ನೆನೆಯಲೇ ಇಲ್ಲ, ಅದಕ್ಕೂ ಕೆಂಪು ಚೀಟಿ. ಬಿಸಿಬೇಳೆ ಬಾತಿಗೆ ನೀರು ಎಷ್ಟು ಬಿತ್ತೆಂದರೆ ಬಾತನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆವು! ಪ್ರತಿ ಸಲವೂ ಮಾವನವರ ಕಣ್ಣು ನನ್ನ ಮೇಲೆಯೇ. "ನಿನಗ ಹೆಂಗ ಅನಸ್ತಮ್ಮಾ?" ನಾನು ಬೇಕೆಂದೇ ಮುಖ ಕಿವುಚುತ್ತಿದ್ದೆ. ಹೆಸರುಬೇಳೆ ಗಂಜಿಯೊಂದಕ್ಕೆ ಮಾತ್ರ, ಅವತ್ತು ಹಸಿವೂ ಇತ್ತೆನ್ನಿ, "ನುಂಗಬೌದ್ರಿ" ಎಂದುಬಿಟ್ಟೆ. ಅದಕ್ಕೆ ಹಸಿರು ಚೀಟಿ.

ಒಂದು ಭಾನುವಾರ ಮರಿಯಮ್ಮನಹಳ್ಳಿಯಿಂದ ನನ್ನ ಅಪ್ಪ ಅಮ್ಮ ಬಂದರು. ಬೀಗರು ಬಂದರೆ ಹೋಳಿಗೆಯಾಗಬೇಕಲ್ಲ! ನಾನು ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟಿದ್ದೆ. ಬೇಳೆ ಅರ್ಧ ಬೆಂದಿತ್ತು ನೋಡಿ, ಮಾವನವರ ಸೀಟಿ!

ಬೇವಿನ ಮರದ ಕೆಳಗೆ ನನ್ನ ಅಪ್ಪ ಪಾಕೆಟ್ ಅವಲಕ್ಕಿಯ ಬಟ್ಟಲು ಹಿಡಿದು ಪಿಳಿಪಿಳಿ ಕಣ್ಣು ಬಿಡುತ್ತಾ ಕೇಳಿದರು:

"ಬೀಗ್ರೇ, ನಮ್ಮಿಂದ ಏನರ ತಪ್ಪಾಗೇತೇನ್ರಿ?"

"ತಪ್ಪೇನಿಲ್ರಿ, ಡ್ರಿಲ್ಲು! ಜಲ್ದಿ ತಿನ್ರಿ, ಆರಿದ್ರ ಗಟ್ಟಿ ಆಗ್ತೈತಿ!"

ಅಮ್ಮ ಊರು ಮುಟ್ಟಿದವಳೇ ಫೋನ್ ಮಾಡಿ, "ದಿನಾ ಹಿಂಗೇ ಏನವ್ವಾ ನಿನ್ನ ಊಟ?" ಎಂದು ಅತ್ತಳು. ನನಗೂ ಅಳು ಬಂತು. ಸಿಟ್ಟಿಗೆ!

ಇಷ್ಟಾದರೂ ತಡೆದುಕೊಂಡಿದ್ದೆ. ತಾಳ್ಮೆ ಕೆಟ್ಟಿದ್ದು ಮಹಾಲಯ ಅಮಾವಾಸ್ಯೆಯ ದಿನ. ಅವತ್ತು ತೀರಿಹೋದ ಹಿರಿಯರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಎಡೆ ಇಡುತ್ತೇವೆ. ನಮ್ಮ ಅತ್ತೆ, ನಾನು ಸೊಸೆಯಾಗಿ ಬರುವ ಮೊದಲೇ, ಲಾಕ್‌ಡೌನ್ ಕಾಲದಲ್ಲಿ ತೀರಿಕೊಂಡವರು. ನಾನು ಅವರ ಫೋಟೋ ಮುಂದೆ ಕಡಬು, ಹೋಳಿಗೆ, ಬದನೆಕಾಯಿ ಪಲ್ಯ ಬಡಿಸಿ ಕೈಮುಗಿಯುವಷ್ಟರಲ್ಲಿ ಮಾವನವರು ಬಂದು ಎಡೆಯ ಪಕ್ಕದಲ್ಲಿ ಬಟ್ಟಲೊಂದನ್ನು ಇಟ್ಟರು. ಪಾಕೆಟ್ ಗಂಜಿ!

"ಮಾವ! ಅತ್ತಿಯವ್ರಿಗೂ ಡ್ರಿಲ್ಲೇನ್ರಿ?"

ಅವರು ಬಟ್ಟಲಿನ ಅಂಚಿಗೆ ಹತ್ತಿದ್ದ ಗಂಜಿಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು, ಅಷ್ಟೇ. ನಾನು ಬಿಡುತ್ತೇನೆಯೇ? "ದೀಪಾವಳಿ ಒಳಗ ನನ್ನ ಕಪಾಟು ಖಾಲಿ ಆಗ್ಬೇಕ್ರಿ" ಎಂದೆ. "ಆತಮ್ಮಾ" ಎಂದರು.

ದೀಪಾವಳಿಗೆ ಮೊದಲೇ ನಾನು ಹಾಸಿಗೆ ಹಿಡಿದೆ. ಎಂಥ ಜ್ವರವೆಂದರೆ ಕೈಕಾಲಿನ ಗಂಟುಗಳೆಲ್ಲ ಹಿಡಿದುಕೊಂಡು ಲೋಟ ಎತ್ತಲೂ ಆಗುತ್ತಿರಲಿಲ್ಲ. ಯಜಮಾನರು ಬೆಳಗಿನ ಶಿಫ್ಟಿಗೆ ಹೋಗಿದ್ದರು. ಅವತ್ತು ಸೀಟಿ ಕೇಳಲಿಲ್ಲ. ಅಡುಗೆಮನೆಯಲ್ಲಿ ಕೆಟಲ್ಲಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮಾವನವರು ಟವೆಲ್ಲಿನಲ್ಲಿ ಬಟ್ಟಲು ಹಿಡಿದು ಬಂದರು. ಹೆಸರುಬೇಳೆ ಗಂಜಿ.

"ನೀನು ನುಂಗಬೌದು ಅಂದಿದ್ದು ಇದೊಂದೇ ಅಲ್ಲೇನಮ್ಮಾ. ಉಳಿದಾವೆಲ್ಲಾ ತೆಗೆದುಬಿಟ್ಟೀನಿ. ಕಪಾಟಿನ ತುಂಬಾ ಈಗ ಬರೇ ಇದೇ ಐತಿ."

 ಅವರು ಬಟ್ಟಲನ್ನು ನೋಡುತ್ತಲೇ ಹೇಳಿದರು:

"ನಿಮ್ಮತ್ತಿ ಜ್ವರದಾಗ ಒಂದೀಟು ಗಂಜಿ ಕೇಳಿದ್ಳು. ಹೋಟ್ಲೆಲ್ಲಾ ಬಂದ್. ಮಗ ಊರಾಗಿಲ್ಲ. ಮನಿಗೆ ಯಾರೂ ಬರಂಗಿಲ್ಲ. ನಾನೇ ಮಾಡಾಕ ಹೋದೆ, ತಳ ಹೊತ್ತಿಸಿಬಿಟ್ಟೆ. ತಿರುಗಿ ಇಡೂದ್ರೊಳಗ ಆಂಬುಲೆನ್ಸ್ ಬಂತು. ಹಸಗೊಂಡೇ ಹೋದ್ಳಮ್ಮಾ."

 ಡ್ಯಾಮಂತೆ, ಹೊಳೆಯಂತೆ! ಇಷ್ಟು ದಿನ ಈ ಮನುಷ್ಯ ಹೆದರಿ ಕಾಯುತ್ತಿದ್ದ ಎಮರ್ಜನ್ಸಿ ನಾನು ಹೀಗೆ ಜ್ವರದಲ್ಲಿ ಮಲಗುವುದಾಗಿತ್ತು. ಚಮಚವನ್ನು ಅವರೇ ಬಾಯಿಯವರೆಗೆ ತಂದರು. ಗಂಜಿಯಲ್ಲಿ ಒಂದೆರಡು ಗಂಟುಗಳಿದ್ದವು, ಉಪ್ಪು ಕಡಿಮೆಯಿತ್ತು. ಬಟ್ಟಲು ಖಾಲಿಯಾಯಿತು.

"ಇನ್ನೊಂದೀಟು ಹಾಕ್ರಿ ಮಾವ" ಎಂದೆ.

ಡ್ರಿಲ್ಲಿನಲ್ಲಿ ಯಾರೂ ಓಡಬಾರದೆಂದು ಎಲ್ಲರನ್ನೂ ಗದರಿಸುತ್ತಿದ್ದ ಮಾವನವರು ಅಡುಗೆಮನೆಗೆ ಓಡಿದರು.

ದೀಪಾವಳಿ ಬಂತು, ಹೋಯಿತು. ನನ್ನ ಸಂಡಿಗೆ-ಹಪ್ಪಳದ ಡಬ್ಬಿಗಳು ಇನ್ನೂ ಮಂಚದ ಕೆಳಗೇ ಇವೆ.