ಕರೆಂಟ್ ಹೋಗಿ ಅಫೇರ್ಸ್ ಉಳಿದದ್ದು

ಆ ದಿನ ಬೆಳಿಗ್ಗೆ ಕರೆಂಟ್ ಹೋಗದಿದ್ದರೆ ತ್ರಿಲೋಕಿನಾಥ ಮೌರ್ಯನ ಮಾನವೂ ಹೋಗುತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ಪ್ರಯಾಗರಾಜದ ಸಲೋರಿ ಬಡಾವಣೆಯಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ, ಬಂದರೆ ಸುದ್ದಿ. ಆದರೆ ತ್ರಿಲೋಕಿಯ ಕೋಣೆಯ ಕಿಟಕಿಗೆ ಕೂರಿಸಿದ್ದ ತಗಡಿನ ಕೂಲರ್ ಅಂತಿಂಥದ್ದಲ್ಲ. ಅದು ತಿರುಗತೊಡಗಿದರೆ ಹಿಟ್ಟಿನ ಗಿರಣಿಯೊಳಕ್ಕೆ ಗೂಡ್ಸ್ ರೈಲು ನುಗ್ಗಿದಂತಿರುತ್ತಿತ್ತು. ತಂಪು ಅಷ್ಟಕ್ಕಷ್ಟೇ, ಗದ್ದಲ ಕೇಳಿದಷ್ಟು. ಆ ಗದ್ದಲದ ಮರೆಯಲ್ಲಿ ಅವನು ಏನು ಮಾತಾಡಿಕೊಂಡರೂ ಬಾಗಿಲಾಚೆ ಕೇಳಿಸುತ್ತಿರಲಿಲ್ಲ. ಅಂದು ಕೂಲರ್ ನಿಂತಿತು. ಮಾತು ನಿಲ್ಲಲಿಲ್ಲ.

ಮಾತಾಡಲು ಜೊತೆಗೆ ಯಾರೂ ಇಲ್ಲದ್ದೇ ಆ ಮಾತಿಗೆಲ್ಲ ಕಾರಣ. ಹಿಂದೆ ಅದೇ ಕೋಣೆಯಲ್ಲಿ ರಾಮಜನಮ್ ಎಂಬವನಿದ್ದ. ಸರ್ಕಾರಿ ಪರೀಕ್ಷೆಗೆ ಇಬ್ಬರೂ ಕೂಡಿ ಓದುತ್ತಿದ್ದರು. ರಾಮಜನಮ್ ಕೇಳುವುದು, ತ್ರಿಲೋಕಿ ಹೇಳುವುದು. ಕೇಳಿದವನಿಗೆ ಕೆಲಸ ಸಿಕ್ಕಿತು, ಹೇಳಿದವನು ಅಲ್ಲೇ ಉಳಿದ. ರಾಮಜನಮ್ ಹಳ್ಳಿ ಲೆಕ್ಕಿಗನಾಗಿ ಬಹರಾಯಿಚ್ ಕಡೆ ಹೋದ ಮೇಲೆ ತ್ರಿಲೋಕಿ ಪ್ರಶ್ನೆಯನ್ನೂ ತಾನೇ ಕೇಳಿಕೊಳ್ಳತೊಡಗಿದ. ಅದೂ ಗೆಳೆಯನ ದನಿಯಲ್ಲಿ, ಹುಟ್ಟುವಾಗಲೇ ನೆಗಡಿ ಹಿಡಿದಂಥ ಆ ಮೂಗಿನಲ್ಲಿ. ಮೊದಮೊದಲು ನೆನಪಿಗಾಗಿ ಹಾಗೆ ಮಾಡುತ್ತಿದ್ದ. ಆಮೇಲೆ ಕೋಣೆ ತೀರಾ ಸುಮ್ಮನಿರುತ್ತದೆ ಎಂದು ಮಾಡುತ್ತಿದ್ದ. ಸಂಜೆ ತರಕಾರಿ ಹಾಕಿದ ತಹರಿ ಅನ್ನ ಬೇಯಿಸಿಕೊಂಡು ಇದ್ದ ಒಂದೇ ತಟ್ಟೆಯ ಮುಂದೆ ಕೂತಾಗ, "ಉಪ್ಪು ಜಾಸ್ತಿ ಆಯ್ತಲ್ಲೋ" ಎಂದು ರಾಮಜನಮನ ಮೂಗಿನಲ್ಲೇ ತನ್ನನ್ನು ಬೈದುಕೊಂಡು, "ಇದ್ದದ್ದು ತಿನ್ನು" ಎಂದು ತನ್ನ ಬಾಯಲ್ಲೇ ಉತ್ತರ ಕೊಡುತ್ತಿದ್ದ.

ಅಂದು ಅವನಿಗೆ ಪರೀಕ್ಷೆಗಿಂತ ದೊಡ್ಡ ಪರೀಕ್ಷೆ ಕಾದಿತ್ತು. ಗಾಜೀಪುರದಲ್ಲಿದ್ದ ಅವನಕ್ಕ ಹಠ ಹಿಡಿದು ಒಂದು ಸಂಬಂಧ ಕುದುರಿಸಿದ್ದಳು. ಹುಡುಗಿಯ ಹೆಸರು ಪ್ರತಿಮಾ, ಹಂಡಿಯಾದ ಕಡೆ ಶಾಲಾ ಶಿಕ್ಷಕಿ. ನನ್ನ ತಮ್ಮ ಕೋಚಿಂಗ್ ಕ್ಲಾಸಿನಲ್ಲಿ ಮೇಷ್ಟ್ರು ಎಂದು ಅಕ್ಕ ಅವರಿಗೆ ಹೇಳಿದ್ದಳು. ಅವನು ಅಲ್ಲಿಗೆ ಮಾದರಿ ಪ್ರಶ್ನೆಪತ್ರಿಕೆ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದದ್ದರಿಂದ ಅದು ಸುಳ್ಳೂ ಆಗಿರಲಿಲ್ಲ. ಹುಡುಗನನ್ನು ನೋಡಲು ಪ್ರತಿಮಾಳ ಚಿಕ್ಕಪ್ಪ ಅಂದು ಮಧ್ಯಾಹ್ನ ಬರುವವರಿದ್ದರು. ಮೂವತ್ನಾಲ್ಕು ತುಂಬಿದ ತ್ರಿಲೋಕಿ ಮೊಬೈಲಿನಲ್ಲಿದ್ದ ಹುಡುಗಿಯ ಫೋಟೋವನ್ನು ದಿನಕ್ಕೆ ಹತ್ತಾರು ಸಲ ನೋಡಿ, ಇವಳ ದನಿ ಹೇಗಿರಬಹುದು ಎಂದು ಯೋಚಿಸುತ್ತಿದ್ದ. ಮೂಗಿನಿಂದ ಬಾರದ ಯಾವ ದನಿಯಾದರೂ ಅವನಿಗೆ ಒಪ್ಪಿಗೆಯಿತ್ತು.

ಎದೆ ಡವಗುಟ್ಟುವಾಗ ಬೇರೆಯವರು ಹನುಮಾನ್ ಚಾಲೀಸ ಹೇಳಿಕೊಳ್ಳುತ್ತಾರೆ. ತ್ರಿಲೋಕಿ ಕೇಂದ್ರ ಸರ್ಕಾರದ ಯೋಜನೆಗಳನ್ನು ಹೇಳಿಕೊಳ್ಳುತ್ತಿದ್ದ. ಆ ಯೋಜನೆಗಳ ಹೆಸರುಗಳೋ ಹನುಮಂತನ ಬಾಲದಷ್ಟು ಉದ್ದ. ಆದರೆ ದಿಲ್ಲಿಯವರು ಅವುಗಳ ಮೊದಲಕ್ಷರಗಳನ್ನು ಪೋಣಿಸಿ ಚೆಂದದ ಹೆಂಗಸರ ಹೆಸರು ಮಾಡಿಟ್ಟಿದ್ದಾರೆ. ಹೊಲಕ್ಕೆ ಸೌರ ಪಂಪು ಕೊಡುವುದು ಕುಸುಮ್. ಕಾಲೇಜುಗಳಿಗೆ ಅನುದಾನ ಕೊಡುವುದು ಉಷಾ. ಬಾಣಂತಿಯರಿಗೆ ಸಹಾಯಧನ ಕೊಡುವ ಮಾತೃ ವಂದನಾವನ್ನು ಹುಡುಗರು ಸಲುಗೆಯಿಂದ ಬರೀ ವಂದನಾ ಎನ್ನುತ್ತಾರೆ. ಜೀವವಿಮೆ ಮಾಡಿಸುವುದು ಜೀವನ್ ಜ್ಯೋತಿ. ಸಲೋರಿಯಲ್ಲಿ ಓದುವವರು ಯಾವುದನ್ನೂ ಇದ್ದಂತೆ ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿಯೊಂದಕ್ಕೂ ಒಂದು ಕತೆ ಕಟ್ಟುತ್ತಾರೆ. ಅದಕ್ಕೆ 'ಟ್ರಿಕ್' ಎಂದು ಹೆಸರು.

ಮನೆಯೊಡತಿ ಮಿಶ್ರಾಯಿನ್ ಚಾಚಿ ಆಗಷ್ಟೇ ಮಹಡಿಯ ಮೇಲೆ ಸಂಡಿಗೆ ಹರವಿ ಮೆಟ್ಟಿಲಿಳಿಯುತ್ತಿದ್ದರು. ತ್ರಿಲೋಕಿಯ ಬಾಗಿಲ ಬಳಿ ಬರುವುದಕ್ಕೂ ಕೂಲರ್ ಬಾಯಿ ಮುಚ್ಚುವುದಕ್ಕೂ ಸರಿಹೋಯಿತು.

"ಕುಸುಮ್ ಎಲ್ಲಿರ್ತಾಳೆ?" ಎಂದು ಒಳಗಿನಿಂದ ಒಂದು ಮೂಗು ಕೇಳಿತು.

"ಹೊಲದಲ್ಲಿ. ದಿನವಿಡೀ ಬಿಸಿಲಿಗೆ ಮೈಯೊಡ್ಡಿ ಮಲಗಿರ್ತಾಳೆ" ಎಂದಿತು ತ್ರಿಲೋಕಿಯ ದನಿ.

"ಉಷಾ?"

"ಕಾಲೇಜು. ಮೊದಲು ರೂಸಾ ಆಗಿದ್ದಳು. ಆಮೇಲೆ ಹೆಸರು ಬದಲಾಯಿಸಿದರು."

"ವಂದನಾ ಕತೆ ಏನು?"

"ಮೊದಲ ಮಗುವಿಗೆ ಐದು ಸಾವಿರ. ಎರಡನೇದು ಹೆಣ್ಣಾದರೆ ಆರು ಸಾವಿರ."

"ಗಂಡಾದರೆ?"

"ಏನೂ ಕೊಡೋ ಹಾಗಿಲ್ಲ."

ಪ್ರಚಲಿತ ವಿದ್ಯಮಾನ ಕೇಳಿ ಮಿಶ್ರಾಯಿನ್ ವಿಚಲಿತರಾದರು. ಏಳು ವರ್ಷದಿಂದ ಬಾಡಿಗೆಗಿದ್ದ ಹುಡುಗ. ತಲೆಯೆತ್ತಿ ಯಾರನ್ನೂ ನೋಡದವನು. ಹಾಲಿನವಳು ಬಂದರೂ ಪಾತ್ರೆಯನ್ನು ಹೊಸಿಲ ಮೇಲಿಟ್ಟು ಒಳಗೆ ಸರಿಯುವವನು. ಅವನಿಗೆ ಹೊಲದಲ್ಲೊಬ್ಬಳು, ಕಾಲೇಜಿನಲ್ಲೊಬ್ಬಳು, ಮಕ್ಕಳಾದವಳೊಬ್ಬಳು. ಲೆಕ್ಕ ನೋಡಿಕೊಳ್ಳಲು ಒಳಗೊಬ್ಬ ಮೂಗಿನ ದಲ್ಲಾಳಿ ಬೇರೆ.

ಅವರು ನೇರವಾಗಿ ಕೆಳಗಿನ ಕೋಣೆಯ ಬಾಂಕೆಲಾಲನ ಹತ್ತಿರ ಹೋದರು. ಬಾಂಕೆಯೂ ಪರೀಕ್ಷೆಗೆ ಓದುವವನೇ. ಮಿಶ್ರಾಯಿನ್ ಎರಡು ಹೆಸರು ಹೇಳುವಷ್ಟರಲ್ಲಿ ಅವನಿಗೆ ಪೂರ್ತಿ ವಿಷಯ ಹೊಳೆದಿತ್ತು. ಆದರೆ ಪರೀಕ್ಷೆ ಮತ್ತೆ ಮುಂದೆ ಹೋಗಿ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಸಾವಿನ ಮನೆಗೆ ಬಂದವನಂತೆ ಮುಖ ಇಳಿಬಿಟ್ಟು ನಿಟ್ಟುಸಿರಿಟ್ಟ.

"ನಂಗೆ ಗೊತ್ತಿತ್ತು ಚಾಚಿ. ನಿಮ್ಮ ಮುಂದೆ ಹೇಳೋಕೆ ನಾಲಿಗೆ ಬರ್ಲಿಲ್ಲ. ಜೀವನ್ ಜ್ಯೋತಿ ಅಂತ ಇನ್ನೊಂದಿದೆ. ಹದಿನೆಂಟು ತುಂಬಿದ್ರೆ ಸಾಕು, ಐವತ್ತರವರೆಗೂ ನಡೆಯುತ್ತೆ ಅಂತಾನೆ."

ಐವತ್ತೆರಡು ದಾಟಿದ್ದ ಮಿಶ್ರಾಯಿನ್ ಸೆರಗು ಸರಿಮಾಡಿಕೊಂಡು, ದೇವರು ದೊಡ್ಡವನು ಎಂದರು.

ಹತ್ತು ಗಂಟೆಯೊಳಗೆ ಸುದ್ದಿ ಓಣಿ ತುಂಬ ಹರಡಿತ್ತು. ಅಂಗಿಗೆ ಇಸ್ತ್ರಿ ಮಾಡಿಸಲು ಹೊರಟ ತ್ರಿಲೋಕಿಗೆ ಓಣಿಯೇ ಹಬ್ಬದಂತೆ ಕಂಡಿತು. ವರ್ಷಗಟ್ಟಲೆ ಅವನ ಕಡೆ ಕಣ್ಣೆತ್ತಿಯೂ ನೋಡದವರು ಕಿಟಕಿಯಿಂದ ಬಗ್ಗಿ ನೋಡಿದರು. ಚಹಾದಂಗಡಿಯಲ್ಲಿ ಹುಡುಗರು ಎದ್ದು ಬೆಂಚು ಬಿಟ್ಟುಕೊಟ್ಟರು. ಒಬ್ಬ ಕೈಮುಗಿದು, ನಮಗೂ ಸ್ವಲ್ಪ ವಿದ್ಯೆ ಹೇಳಿಕೊಡು ಗುರು ಎಂದ. ತ್ರಿಲೋಕಿ ಪ್ರಾಮಾಣಿಕವಾಗಿ, ದಿನಾ ಅಭ್ಯಾಸ ಬೇಕು, ಒಂದು ದಿನ ಬಿಟ್ಟರೂ ಕೈತಪ್ಪಿ ಹೋಗುತ್ತವೆ ಎಂದ. ಹುಡುಗರು ಚಹಾ ನೆತ್ತಿಗೇರಿ ಕೆಮ್ಮಿದರು. ಇಸ್ತ್ರಿಯವನಂತೂ ಕಾಲರನ್ನು ಎರಡೆರಡು ಸಲ ಒತ್ತಿ, ಇವತ್ತು ಯಾರ ಸರದಿ ಭೈಯಾ ಎಂದು ಕಣ್ಣು ಮಿಟುಕಿಸಿದ. ಹೆಣ್ಣಿನ ಕಡೆಯವರು ಬರುವುದು ಊರಿಗೆಲ್ಲ ಗೊತ್ತಾಗಿದೆ, ತನ್ನ ಸಂತೋಷಕ್ಕೆ ಇವರೂ ಸಂತೋಷಪಡುತ್ತಿದ್ದಾರೆ ಎಂದುಕೊಂಡ ತ್ರಿಲೋಕಿಯ ಕಣ್ಣಂಚು ಒದ್ದೆಯಾಯಿತು. ಒಬ್ಬನೇ ಇದ್ದೇನೆಂದು ಇಷ್ಟು ವರ್ಷ ಸುಮ್ಮನೆ ಕೊರಗಿದೆನಲ್ಲ ಎನಿಸಿತು. ಅದೇ ಹುಮ್ಮಸ್ಸಿನಲ್ಲಿ ಪಾತ್ರೆಯಂಗಡಿಗೆ ಹೋಗಿ ಇನ್ನೊಂದು ತಟ್ಟೆ ಕೊಂಡ.

ಚಿಕ್ಕಪ್ಪ ರಾಮಸುಮೇರ್ ಕುಶವಾಹ ತಲೆಗೆ ಗಮ್ಛಾ ಸುತ್ತಿಕೊಂಡು ಸುಡುಬಿಸಿಲಲ್ಲಿ ಬಂದಿಳಿದರು. ಹೆಣ್ಣಿನ ಕಡೆಯವರು ಹುಡುಗನ ಬಾಗಿಲು ತಟ್ಟುವ ಮೊದಲು ನೆರೆಯವರ ಬಾಗಿಲು ತಟ್ಟುವುದು ಅಲ್ಲಿಯ ಪದ್ಧತಿ. ಅವರು ತಟ್ಟಿದ್ದು ಮಿಶ್ರಾಯಿನ್ ಬಾಗಿಲನ್ನೇ. ಮಿಶ್ರಾಯಿನ್ ಬೆಲ್ಲ ನೀರು ಕೊಟ್ಟು, ಹೆಣ್ಣು ಹೆತ್ತವಳಾಗಿ ಸುಮ್ಮನಿರಲಾರೆ ಎಂದು ಪೀಠಿಕೆ ಹಾಕಿ, ಹೊಲದಿಂದ ಹೆರಿಗೆಯವರೆಗೆ ಎಲ್ಲವನ್ನೂ ಹೇಳಿ ಮುಗಿಸಿದರು. ಬಾಂಕೆ ಬಾಗಿಲಿಗೆ ಒರಗಿ ಅಲ್ಲಲ್ಲಿ ತಲೆಯಾಡಿಸಿದ. ರಾಮಸುಮೇರ್ ಸಿಡುಕಲಿಲ್ಲ. ಎದ್ದೂ ಹೋಗಲಿಲ್ಲ. ಹುಡುಗನನ್ನು ಕರೆಸಿ ಎಂದರು.

ತ್ರಿಲೋಕಿ ಇಳಿದು ಬಂದು ಕಾಲು ಮುಟ್ಟಿ ನಮಸ್ಕರಿಸಿ, ಕೊಟ್ಟ ಕುರ್ಚಿಯ ಅಂಚಿನಲ್ಲಿ ಕೂತ.

"ಕುಸುಮ್, ಉಷಾ, ವಂದನಾ ಅಂತೆಲ್ಲ ಕೇಳ್ಪಟ್ಟೆ. ನಿಜವೇನಪ್ಪಾ?" ಎಂದರು ರಾಮಸುಮೇರ್.

ತ್ರಿಲೋಕಿಯ ಮುಖ ಅರಳಿತು. ಮೇಷ್ಟ್ರೆಂದು ಕೇಳಿ ಬಂದವರು ಮೇಷ್ಟ್ರ ಸರಕು ಎಷ್ಟಿದೆ ಎಂದು ಅಳೆಯುತ್ತಿದ್ದಾರೆ. ಪಠ್ಯದ ಒಳಗಿನ ಪ್ರಶ್ನೆಯೇ ಬಂದಿದೆ.

"ನಿಜ ಚಾಚಾಜಿ. ಅಷ್ಟೇ ಅಲ್ಲ, ಇನ್ನೂ ಬೇಕಾದಷ್ಟಿವೆ."

"ಹೆಣ್ಣುಮಕ್ಕಳನ್ನ 'ಇವೆ' ಅಂತಾನಲ್ಲ ಪಾಪಿ" ಎಂದು ಮಿಶ್ರಾಯಿನ್ ಗೋಡೆಗೆ ಹೇಳಿದರು.

"ಖರ್ಚೆಲ್ಲ ಯಾರದ್ದು?"

"ಉಷಾಗೂ ವಂದನಾಗೂ ಅರವತ್ತು ಪಾಲು ದಿಲ್ಲಿ, ನಲವತ್ತು ಪಾಲು ಲಖನೌ. ಗುಡ್ಡಗಾಡಿನ ಕಡೆಯಾದರೆ ತೊಂಬತ್ತು, ಹತ್ತು."

ಗುಡ್ಡಗಾಡಿನಲ್ಲೂ ಸಂಸಾರವಿದೆಯೆಂದು ತಿಳಿದ ಮಿಶ್ರಾಯಿನ್ ಕೂತಲ್ಲೇ ಕುಸಿದರು. ರಾಮಸುಮೇರ್ ಮಾತ್ರ ವಿಚಾರಣೆ ಬಿಡಲಿಲ್ಲ.

"ಈ ವಂದನಾಳಿಂದ ಮಕ್ಕಳು?"

"ಫಲಾನುಭವಿಗಳಾ ಚಾಚಾಜಿ? ಕೋಟಿಗಟ್ಟಲೆ."

ಕೋಟಿ ಎಂದ ಕೂಡಲೇ ರಾಮಸುಮೇರ್ ಗಮ್ಛಾದಿಂದ ಮುಖ ಒರೆಸಿಕೊಂಡು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಂಥ ಪುಂಡನಾದರೂ ಒಂದು ಮಿತಿ ಇರುತ್ತದೆ. ಈ ಸಣಕಲನಿಗಂತೂ ಇದ್ದೇ ಇರಬೇಕು. ಎಲ್ಲವನ್ನೂ ಬಿಡಿಸಿ ಹೇಳು ಎಂದರು. ಬಿಡಿಸಲು ಹೊರಟ ತ್ರಿಲೋಕಿಗೆ ಮಿಶ್ರಾಯಿನ್ ಮುಖ, ಬಾಂಕೆಯ ಮುಖ, ಚಹಾದಂಗಡಿ, ಇಸ್ತ್ರಿಯವನ ಕಣ್ಣು ಎಲ್ಲ ಸೇರಿ ಒಮ್ಮೆಗೇ ಅರ್ಥವಾಯಿತು. ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಏಳು ವರ್ಷದ ಮಾಸಪತ್ರಿಕೆಗಳ ಕಟ್ಟನ್ನು ಹೊತ್ತು ತಂದು ಚಿಕ್ಕಪ್ಪನ ಕಾಲಬುಡದಲ್ಲಿ ಸುರಿದ. ಕುಸುಮಳ ಪುಟ ತೆಗೆದ. ಅಲ್ಲಿ ಹೊಲದ ನಡುವೆ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದದ್ದು ಸೌರ ಫಲಕಗಳ ಸಾಲು. ಉಷಾಳ ಪುಟದಲ್ಲಿ ಕಾಲೇಜು ಕಟ್ಟಡ. ಮೂಗಿನ ದಲ್ಲಾಳಿ ಯಾರೆಂದೂ ಹೇಳಿ, ನಂಬಿಕೆ ಬರಲೆಂದು ಆ ಮೂಗಿನಲ್ಲಿ ಎರಡು ಪ್ರಶ್ನೆಯನ್ನೂ ಕೇಳಿ ತೋರಿಸಿದ. ಯಾರೂ ನಗಲಿಲ್ಲ.

ಬಾಂಕೆಗೆ ಈಗ ಪಶ್ಚಾತ್ತಾಪವಾಯಿತು. ತಮಾಷೆಗೆ ಮುರಿದದ್ದನ್ನು ಹೊಗಳಿ ಜೋಡಿಸುತ್ತೇನೆಂದು ಮುಂದೆ ಬಂದ.

"ಚಾಚಾಜಿ, ಗಂಗಾಮಾಯಿ ಆಣೆಗೂ ಹೇಳ್ತೀನಿ. ಈ ಭೈಯಾ ಹೆಂಗಸರನ್ನ ನೋಡೋದಿರಲಿ, ಕನ್ನಡಿ ನೋಡೋಕೂ ಪುರುಸೊತ್ತಿಲ್ಲ ಇವರಿಗೆ. ಹೋಳಿ ಇಲ್ಲ, ದೀಪಾವಳಿ ಇಲ್ಲ. ಅಪ್ಪ ತೀರಿಕೊಂಡಾಗ ಊರಿಗೆ ಹೋದ್ರಲ್ಲ, ರೈಲಲ್ಲೂ ಓದ್ಕೊಂಡೇ ಹೋದ್ರು."

ರಾಮಸುಮೇರ್ ಪುಟ ತಿರುವುವುದನ್ನು ನಿಲ್ಲಿಸಿದರು. ಅಂದರೆ ಇವರು ಬರೀ ಮೇಷ್ಟ್ರಲ್ಲ, ಈಗಲೂ ಪರೀಕ್ಷೆ ಬರೆಯುವವರೋ ಎಂದು ಕೇಳಿದರು. ಬಾಂಕೆ, ಅಯ್ಯೋ ಅದು ಹೊಟ್ಟೆಪಾಡಿಗೆ, ಪರೀಕ್ಷೆ ಉಸಿರಿಗೆ ಎಂದ. ತ್ರಿಲೋಕಿ ನಾಚಿ ನೆಲ ನೋಡಿದ.

"ಎಷ್ಟು ವಯಸ್ಸಿನವರೆಗೆ ಬರೀಬಹುದಪ್ಪ ಇದನ್ನ?"

"ನಲವತ್ತು ಚಾಚಾಜಿ" ಎಂದ ತ್ರಿಲೋಕಿ ಭರವಸೆಯಿಂದ. "ಇನ್ನೂ ಆರು ವರ್ಷ ಇದೆ."

ಮಿಶ್ರಾಯಿನ್ ಒಳಗೆ ಓಡಿ, ಇಂಥ ತಪಸ್ವಿಯನ್ನು ಅನುಮಾನಿಸಿದ ಪಾಪಕ್ಕೆ ತುಪ್ಪ ಸುರಿದು ಹಲ್ವಾ ಮಾಡಲು ಕೂತರು. ಅನುದಾನಗಳನ್ನೆಲ್ಲ ಅರೆದು ಕುಡಿದವನಿಗೆ ಕನ್ಯಾದಾನ ಇನ್ನೇನು ಕೈಗೆ ಬಂದಂತೆಯೇ ಎಂದು ಬಾಂಕೆ ಮೆಲ್ಲಗೆ ಕಿವಿಯಲ್ಲಿ ಉಸುರಿದ. ಅಷ್ಟರಲ್ಲಿ ರಾಮಸುಮೇರ್ ಗಮ್ಛಾ ಕೊಡವಿ ತಲೆಗೆ ಸುತ್ತಿಕೊಳ್ಳತೊಡಗಿದ್ದರು.

"ನೀನು ಒಳ್ಳೆ ಹುಡುಗ ಮಗಾ. ಅದರಲ್ಲಿ ನಂಗೇನೂ ಅನುಮಾನ ಉಳಿದಿಲ್ಲ" ಎಂದರು. "ಹೊರಡೋವಾಗ ನಮ್ಮ ಪ್ರತಿಮಾ ಒಂದು ಮಾತು ಹೇಳಿದ್ಲು. ಕುಡೀತಾನಾ, ಹೆಂಗಸರ ಸಹವಾಸ ಉಂಟಾ ಅಂತ ನೀವು ಕೇಳೋಕೆ ಹೋಗ್ಬೇಡಿ ಚಾಚಾ, ಅದನ್ನೆಲ್ಲ ನಾನು ಬಿಡಿಸ್ತೀನಿ. ಪರೀಕ್ಷೆ ಬಿಟ್ಟಿದ್ದಾನಾ ಅಂತ ಮಾತ್ರ ಕೇಳ್ಕೊಂಡು ಬನ್ನಿ ಅಂದ್ಲು. ಅವಳಣ್ಣ ಇದೇ ಊರಲ್ಲಿ ಹನ್ನೊಂದು ವರ್ಷ ಓದಿದ. ಅಷ್ಟು ವರ್ಷವೂ ಅವಳತ್ತಿಗೆ, ಶ್, ಓದ್ತಿದ್ದಾರೆ ಅಂತ, ಪಾತ್ರೆ ಸದ್ದಾಗದ ಹಾಗೆ ತೊಳ್ಕೊಂಡು ಕೂತಳು. ಅದನ್ನ ನೋಡ್ಕೊಂಡು ಬೆಳೆದ ಹುಡುಗಿ ಇವಳು."

ತ್ರಿಲೋಕಿ ಒಂದು ಹೆಜ್ಜೆ ಮುಂದೆ ಬಂದ. "ಬಿಟ್ಟುಬಿಡ್ತೀನಿ ಚಾಚಾಜಿ. ಇದೊಂದು ಸಲ ಬರೆದು..."

"ಅವನೂ ಹಾಗೇ ಅಂತಿದ್ದ" ಎಂದರು ರಾಮಸುಮೇರ್, ಬೇಸರವಿಲ್ಲದೆ. ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತ ಇಷ್ಟು ಸೇರಿಸಿದರು: "ಈ ತಾಯಿ ಮೊದಲು ಹೇಳಿದ್ದೇ ನಿಜವಾಗಿದ್ರೆ, ಇವತ್ತೇ ಮಾತು ಮುಗಿಸಿ ತಾಂಬೂಲ ಕೊಟ್ಟು ಹೋಗ್ತಿದ್ದೆ."

ಅವರು ಬಿಸಿಲಿಗಿಳಿದು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ತ್ರಿಲೋಕಿ ಕೈಮುಗಿದುಕೊಂಡೇ ನಿಂತಿದ್ದ. ಮಿಶ್ರಾಯಿನ್ ಬಿಸಿ ಹಲ್ವಾದ ಬಟ್ಟಲು ಹಿಡಿದು ಹೊರಬಂದರು. ಖಾಲಿ ಕುರ್ಚಿ ನೋಡಿದರು. ಬಾಂಕೆ ಪಿಸುಗುಟ್ಟಿ ನಡೆದದ್ದನ್ನು ಹೇಳಿದ. ಅವರು ಬಟ್ಟಲನ್ನು ತ್ರಿಲೋಕಿಯ ಕೈಗೆ ಕೊಟ್ಟು, ಅವನ ಪಕ್ಕದಲ್ಲಿ ಹೊಸಿಲ ಮೇಲೆ ಕೂತರು.

"ಅಲ್ಲ ಕಣೋ ತ್ರಿಲೋಕಿ" ಎಂದರು, ಹೆತ್ತ ಮಗನನ್ನು ಕೇಳುವಂತೆ. "ಅಷ್ಟೊಂದು ಹೆಸರಿನಲ್ಲಿ ಒಬ್ಬಳಾದ್ರೂ ನಿಜವಾದವಳು ಇರಬಾರದಿತ್ತೇನೋ?"

ತ್ರಿಲೋಕಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡ. ಗೊತ್ತಿಲ್ಲದ್ದಕ್ಕೆ ಉತ್ತರ ಗುರುತು ಹಾಕಿದರೆ ಇದ್ದ ಅಂಕವೂ ಕಳೆಯುತ್ತದೆ ಎಂದು ಅವನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದ. ಖಾಲಿ ಬಿಟ್ಟು, ಹಲ್ವಾ ತಿಂದ.