ಜೇಬಿನಲ್ಲುಳಿದ ಟೆಸ್ಟ್ ಪೀಸು

ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿ, ಬೆಳಿಗ್ಗೆ ನಾಗರತ್ನಾ ಒಗೆಯಲೆಂದು ಗಂಡನ ಅಂಗಿ ಕೊಡವಿದಾಗ ಬೆರಳುದ್ದದ ಉಕ್ಕಿನ ತುಂಡೊಂದು ಬಕೆಟ್ಟಿಗೆ ಬಿತ್ತು.

“ಇದೇನ್ರೀ, ಕಿಸೆದಾಗ ಕಬ್ಬಿಣ ಇಟ್ಕೊಂಡು ಅಡ್ಡಾಡ್ತೀರಿ?”

ಈರೇಶ ಉಪ್ಪಿಟ್ಟಿನ ತಟ್ಟೆ ಬಿಟ್ಟೆದ್ದು ಬಕೆಟ್ಟಿಗೆ ಕೈಹಾಕಿದ. ಅದು ಟೆಸ್ಟ್ ಪೀಸು. ಅವನ ಶೆಡ್ಡಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಕಾರ್ಬನ್ ಗ್ಯಾಸಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮೇಲ್ಮೈ ಗಟ್ಟಿ ಮಾಡುತ್ತಾರೆ. ಒಳ್ಳೆಯ ಮಾಲನ್ನು ಪರೀಕ್ಷೆಗೆಂದು ಕೆಡಿಸಬಾರದಲ್ಲ, ಅದಕ್ಕೇ ಪ್ರತಿ ಲಾಟಿನ ಜೊತೆ ಅದೇ ಉಕ್ಕಿನ ತುಂಡೊಂದನ್ನು ತಂತಿಯಲ್ಲಿ ಕಟ್ಟಿ ಬೇಯಿಸುವುದು ರೂಢಿ. ಹಿಂದಿನ ಸಂಜೆ ಇನ್ನೂರು ಶಾಫ್ಟು ತುಂಬುವಾಗ ಈರೇಶ ತಂತಿ ಹುಡುಕಲು ಹೋಗಿ, ತುಂಡನ್ನು ಜೇಬಿಗಿಳಿಸಿ ಮರೆತಿದ್ದ.

ಮರೆಯಲು ಪುಣ್ಯಾತ್ಮನಿಗೆ ಬೇರೆ ದಿನ ಸಿಗಲಿಲ್ಲ. ಆರು ವರ್ಷ ಕಾಂಟ್ರ್ಯಾಕ್ಟಿನಲ್ಲಿ ದುಡಿದವನಿಗೆ, ಈ ಲಾಟು ಪಾಸಾದರೆ ಕೆಲಸ ಕಾಯಂ ಎಂದು ಮಾಲೀಕ ಕಿರಣಕುಮಾರರು ಮಾತು ಕೊಟ್ಟಿದ್ದರು. ಪತ್ರ ಟೈಪಾಗಿ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಶೆಡ್ಡಿಗೆ ಓಡಿದರೆ, ರಾತ್ರಿ ಕುಲುಮೆ ನೋಡಿಕೊಂಡಿದ್ದ ಹಂಪಣ್ಣ ಪಾಳಿ ಮುಗಿದರೂ ಮನೆಗೆ ಹೋಗದೆ ಕೂತಿದ್ದ. ಈರೇಶ ಅವನ ಕಿವಿಯಲ್ಲಿ ಹೇಳಿದ ಗುಟ್ಟು ಎರಡೇ ನಿಮಿಷದಲ್ಲಿ ಕ್ಯಾಂಟೀನು ಮುಟ್ಟಿತು.

“ನನ್ನ ಒಲೆ ಮೇಲಿಡಪ್ಪ, ಚಿತ್ರಾನ್ನ ಆಗೋದ್ರೊಳಗೆ ಬೇಯುತ್ತೆ,” ಎಂದಳು ಅಡುಗೆಯ ಅಮೃತಮ್ಮ.

“ಒಂಬೈನೂರು ಡಿಗ್ರಿ ಬೇಕಮ್ಮ!”

“ನನ್ನ ಒಲೆ ನೀನು ನೋಡಿಲ್ಲ ಬಿಡು.”

ಲ್ಯಾಬಿನ ಗಯಾಜ್ ಮಾತ್ರ, “ಅರೆ, ಓನರ್‌ಗೆ ನಿಜ ಹೇಳ್ಬಿಡು ಭಾಯ್. ಬೈತಾರೆ, ಅಷ್ಟೇ,” ಎಂದ. ಎಲ್ಲರೂ ನಕ್ಕರು.

“ಪತ್ರ ಮೇಜಿನ ಮೇಲಿರೋವಾಗ ಯಾವನಾದ್ರೂ ನಿಜ ಹೇಳ್ತಾನಾ?” ಹಂಪಣ್ಣ ಹಳೇ ಲಾಟಿನ ಡಬ್ಬಿಯಿಂದ ಒಂದು ಗಟ್ಟಿ ತುಂಡು ತೆಗೆದ. “ತಗೋ. ಹಳೇ ನಂಬರ್ ಅಳಿಸಿ ಹೊಸದನ್ನ ನೀನೇ ಪೇಂಟಲ್ಲಿ ಬರಿ ಮಗಾ, ನಿನ್ನ ಲಾಟ್ ಅಲ್ವಾ.” ಈರೇಶನ ಕಣ್ಣು ತುಂಬಿತು. ಊರು ಬಿಟ್ಟು ಬಂದವನಿಗೆ ಇಂಥ ಅಣ್ಣ ಸಿಗಬೇಕಲ್ಲ ಎಂದುಕೊಂಡು ನಂಬರು ಬರೆದ.

ಹನ್ನೊಂದಕ್ಕೆ ಗಿರಾಕಿ ಕಂಪನಿಯ ಇನ್‌ಸ್ಪೆಕ್ಟರ್ ಹಂಸ ಬಂದರು. ತುಂಡನ್ನು ಯಂತ್ರದಡಿ ಇಟ್ಟರು. ಗಡಸುತನ ಅರವತ್ತು, ಬೇಕಾದಷ್ಟೇ. ಕಿರಣಕುಮಾರರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಹಂಸ ಒಂದು ಶಾಫ್ಟು ಎತ್ತಿಕೊಂಡರು. “ಒಂದಕ್ಕೊಂದು ತಾಗಿ ಗೀರು ಬಿದ್ದಿದೆಯಲ್ಲ? ಅರವತ್ತು ಇದ್ರೆ ಹೀಗಾಗಬಾರ್ದಿತ್ತು.” ಬ್ಯಾಗಿನಿಂದ ಅರ ತೆಗೆದು ಉಜ್ಜಿದರು. ಗಟ್ಟಿ ಉಕ್ಕಿನ ಮೇಲೆ ಅರ ಜಾರಬೇಕು. ಇಲ್ಲಿ ಕೊಬ್ಬರಿ ತುರಿದಂತೆ ಪುಡಿ ಉದುರಿತು.

ಗಯಾಜ್ ಕುಲುಮೆಯ ಚಾರ್ಟು ತಂದ. ಗ್ಯಾಸು ರಾತ್ರಿ ಹತ್ತಕ್ಕೇ ಮುಗಿದಿತ್ತು, ಶಾಫ್ಟು ಗಟ್ಟಿಯಾಗಿರಲೇ ಇಲ್ಲ.

“ಕಣ್ಣು ಹತ್ತಿಬಿಡ್ತು ಸಾರ್, ತಪ್ಪಾಯ್ತು,” ಹಂಪಣ್ಣ ಕೈಮುಗಿದ.

“ಗ್ಯಾಸ್ ಮುಗಿಯೋದು ಎಲ್ಲಾ ಕಡೆ ಆಗುತ್ತೆ. ಇನ್ನೊಂದ್ಸಲ ಕುಲುಮೆಗೆ ಹಾಕಿದ್ರೆ ಸರಿಹೋಗುತ್ತೆ,” ಎಂದರು ಕಿರಣಕುಮಾರರು. “ಆದ್ರೆ ಈ ಸುಳ್ಳು ಪೀಸಿಗೆ ನಂಬರ್ ಬರೆದ ಕಳ್ಳ ಯಾರು?”

ಹಂಪಣ್ಣ ಕನಿಕರದಿಂದ ಈರೇಶನ ಕಡೆ ನೋಡಿ, “ಕೈ ಅವನದೇ ಸಾರ್,” ಎಂದ. ಪಾಳಿ ಮುಗಿದವನು ಯಾಕೆ ಕೂತಿದ್ದ, ತನ್ನ ನಿದ್ದೆ ಮುಚ್ಚಿಹಾಕಲು ಗಟ್ಟಿ ತುಂಡು ಹೇಗೆ ಕೊಟ್ಟ ಎಂಬುದು ಈರೇಶನಿಗೆ ಆಗ ತಿಳಿಯಿತು. ಉರಿದುಹೋದ. ಜೇಬಿನಿಂದ ಅಸಲಿ ತುಂಡು ತೆಗೆದು ಮುಂದಿಟ್ಟ.

ಹಂಸ ಅದರ ಮೇಲೂ ಅರ ಎಳೆದರು. ಅದೇ ಪುಡಿ.

“ಇದನ್ನೇ ಕೊಟ್ಟಿದ್ರೆ ಆಗ್ತಿತ್ತಲ್ರೀ. ಮೆತ್ತಗಿದೆ ಅಂತ ಲಾಟ್ ವಾಪಸ್ ಕುಲುಮೆಗೆ ಕಳಿಸ್ತಿದ್ದೆ. ನಿಮ್ಮನ್ನ ಯಾರೂ ಏನೂ ಕೇಳ್ತಿರ್ಲಿಲ್ಲ.”

ಕಾಯಂ ಪತ್ರ ಎರಡು ಹೋಳಾಯಿತು. ಕಾಂಟ್ರ್ಯಾಕ್ಟೂ ಅದರ ಜೊತೆಗೇ ಹೋಯಿತು. ಗೇಟಿನವರೆಗೆ ಬಂದ ಹಂಪಣ್ಣ ಹೆಗಲ ಮೇಲೆ ಕೈಯಿಟ್ಟು, “ನಿನ್ನ ಒಳ್ಳೇದಕ್ಕೇ ಹೇಳಿದ್ದು ಮಗಾ,” ಎಂದ.

ಮನೆಯಲ್ಲಿ ನಾಗರತ್ನಾ ಅಂಗಿ ಒಣಹಾಕುತ್ತಿದ್ದಳು.

“ಆ ಕಬ್ಬಿಣ ಸಾಹೇಬ್ರಿಗೆ ಕೊಟ್ಟೀರೇನು?”

“ಕೊಟ್ಟೆ,” ಎಂದ ಈರೇಶ. “ಆದ್ರ ತಡಾ ಆತು.”